ಹದಿನಾಲ್ಕನೇ ಸೀಟಿನ ಗಂಟಲು

ಪೂರ್ವ ಗ್ಯಾಲರಿಯ ಹದಿನಾಲ್ಕನೇ ಸೀಟಿನಲ್ಲಿ ಇಪ್ಪತ್ತಾರು ವರ್ಷ ಕೂತವನು ಒಬ್ಬ ಕುಕ್ಕರ್ ರಿಪೇರಿಯವನು, ಹದಿನೈದನೆಯದರಲ್ಲಿ ಕೂತವನು ಒಬ್ಬ ಪೋಸ್ಟ್‌ಮ್ಯಾನ್. ಕಾಯಿಲೆಯ ವರ್ಷ ಫುಟ್‌ಬಾಲ್ ಕ್ಲಬ್ಬಿನವರು ಎರಡೂ ಸೀಟುಗಳಲ್ಲಿ ರಟ್ಟಿನ ಮನುಷ್ಯರನ್ನು ಕೂರಿಸಿದರು. ಇಬ್ಬರಿಗೂ ತಿಳಿಸಲಿಲ್ಲ.

ಪೋಸ್ಟ್‌ಮ್ಯಾನ್‌ಗೆ ತಿಳಿಸುವಂತೆಯೂ ಇರಲಿಲ್ಲ. ಕಾಯಿಲೆಯ ಎರಡನೇ ತಿಂಗಳಲ್ಲೇ ಅವನು ಹೋಗಿಬಿಟ್ಟಿದ್ದ. ಮಣ್ಣು ಮಾಡಲು ನಾಲ್ಕೇ ಜನ ಇರಬೇಕೆಂದು ನಿಯಮವಿತ್ತು. ಆ ನಾಲ್ವರೂ ಆಸ್ಪತ್ರೆಯವರೇ ಆಗಿದ್ದರು. ಊರಿನ ಒಂದೊಂದು ಬಾಗಿಲನ್ನೂ ತಟ್ಟಿದ್ದವನು ಕೊನೆಯ ಸಲ ಬೀದಿ ಹಾದು ಹೋಗುವಾಗ ಒಂದು ಬಾಗಿಲೂ ತೆರೆದಿರಲಿಲ್ಲ.

ಕುಕ್ಕರ್ ರಿಪೇರಿಯವನನ್ನು ಬೀದಿಯೆಲ್ಲ ಕುಕ್ಕರಣ್ಣ ಎಂದೇ ಕರೆಯುತ್ತಿತ್ತು. ಮೂರು ಮಾರು ಅಗಲದ ಅಂಗಡಿ, ಮೊಳೆಗೆ ಬಳೆಗಳ ಹಾಗೆ ನೇತುಹಾಕಿದ ರಬ್ಬರ್ ಗ್ಯಾಸ್ಕೆಟ್ಟುಗಳು, ಡಬ್ಬಿಯ ತುಂಬ ಸೀಟಿಗಳು, ಹಿಡಿ ಕಳೆದುಕೊಂಡು ಮೂಲೆ ಸೇರಿದ ಮುಚ್ಚಳಗಳು. ಹಬೆ ಎಲ್ಲಿ ಸೋರುತ್ತದೆ, ಎಲ್ಲಿ ಕಟ್ಟಿಕೊಂಡಿದೆ ಎಂದು ಕಿವಿಯಲ್ಲೇ ಹೇಳಬಲ್ಲವನು. ತನ್ನ ಒಳಗಿನ ಹಬೆಯನ್ನು ಮಾತ್ರ ಅವನು ವಾರಕ್ಕೊಮ್ಮೆ, ಪೂರ್ವ ಗ್ಯಾಲರಿಯಲ್ಲಿ ಬಿಡುತ್ತಿದ್ದ. ಅವನು ಕೂಗಿದರೆ ಮೈದಾನದ ಆಚೆ ಪಕ್ಕದ ಗೋಲ್‌ಕೀಪರ್ ಬೆಚ್ಚಿ ಕೈಗವಸು ಸರಿಮಾಡಿಕೊಳ್ಳುತ್ತಿದ್ದ.

ಕಾಯಿಲೆಯ ವರ್ಷ ಪಂದ್ಯಗಳೆಲ್ಲ ಖಾಲಿ ಮೈದಾನದಲ್ಲಿ ನಡೆದವು. ಮೊದಲ ಪಂದ್ಯವನ್ನು ಟೀವಿಯಲ್ಲಿ ನೋಡಲು ಕೂತ ಕುಕ್ಕರಣ್ಣನಿಗೆ ತನ್ನ ಜಾಗದಲ್ಲಿ ಬೈತಲೆ ತೆಗೆದ, ಹಲ್ಲು ಕಿರಿದ ಅಪರಿಚಿತನೊಬ್ಬ ಕಂಡ. ಹದಿನೈದರಲ್ಲೂ ಅವನೇ. ಆ ಸಾಲಿನ ತುಂಬ ಅವನೇ. ಹಾಸಿಗೆ ಕಂಪನಿಯ ಜಾಹೀರಾತಿನ ಮನುಷ್ಯ.

"ನೋಡೇ, ಈ ರಟ್ಟಪ್ಪನ್ನ!" ಎಂದು ಹೆಂಡತಿಯನ್ನು ಕೂಗಿದ. "ನಮ್ಮವರು ಮೂರು ಗೋಲು ಹೊಡೆಸಿಕೊಂಡಿದಾರೆ, ಇವನು ನಗ್ತಾ ಇದಾನೆ!"

"ನಿಮ್ಮ ಹಾಗೆ ಟೀವಿಗೆ ಚಪ್ಪಲಿ ಎಸೆಯಲ್ವಲ್ಲ, ಪುಣ್ಯಾತ್ಮ," ಎಂದಳು ಅವಳು.

ಇದಾಗಿ ಒಂದು ವರ್ಷಕ್ಕೆ ಕ್ಲಬ್ಬಿನಿಂದ ಕಾಗದ ಬಂತು. ಮುಂದಿನ ಋತುವಿಗೆ ಜನರನ್ನು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಲು ಮೇಲಿನವರ ಆದೇಶದಂತೆ ಒಂದು ಪರೀಕ್ಷಾ ಪಂದ್ಯ. ವರ್ಷದ ಪಾಸು ಇದ್ದ ಹಳಬರಲ್ಲಿ ಇನ್ನೂರು ಜನರನ್ನು ಚೀಟಿ ಎತ್ತಿ ಆರಿಸಲಾಗಿದೆ. ಆರೋಗ್ಯಾಧಿಕಾರಿ ಎದುರಿನ ಗಾಜಿನ ಕೋಣೆಯಲ್ಲಿ ಕೂತು ನೋಡುತ್ತಾರೆ. ಇನ್ನೂರು ಜನ ನೆಟ್ಟಗಿದ್ದರೆ ಗ್ಯಾಲರಿ ತೆರೆಯುತ್ತದೆ. ಇಲ್ಲವಾದರೆ ಇನ್ನೊಂದು ವರ್ಷ ರಟ್ಟಪ್ಪನೇ ಗತಿ. ಕೆಳಗೆ ಹದಿನಾರು ನಿಯಮಗಳು. ಮೂರನೆಯದು, ಮಾಸ್ಕ್ ತೆಗೆಯುವಂತಿಲ್ಲ. ಐದನೆಯದು, ಎದ್ದು ನಿಲ್ಲುವಂತಿಲ್ಲ. ಏಳನೆಯದಕ್ಕೆ ಕೆಂಪು ಗೆರೆ ಎಳೆದಿದ್ದರು: ಕೂಗುವಂತಿಲ್ಲ, ಹಾಡುವಂತಿಲ್ಲ, ಸೀಟಿ ಊದುವಂತಿಲ್ಲ, ಎಂಜಲಿನ ಹನಿಗಳಿಂದ ಕಾಯಿಲೆ ಹರಡುತ್ತದೆ. ಒಂಬತ್ತನೆಯದು ಉದಾರವಾಗಿತ್ತು: ಗೋಲು ಬಿದ್ದಲ್ಲಿ ಪ್ರೇಕ್ಷಕರು ತಲೆಯಾಡಿಸಿ ಸಂತೋಷ ವ್ಯಕ್ತಪಡಿಸಬಹುದು.

ಕುಕ್ಕರಣ್ಣನಿಗೆ ಅವನ ಹದಿನಾಲ್ಕನೇ ಸೀಟೇ ಸಿಕ್ಕಿತ್ತು.

ಸುದ್ದಿ ಬೀದಿಗೆ ಮುಟ್ಟಿತು. ಯಾರೂ ಸಂತೋಷಪಡಲಿಲ್ಲ; ಎಲ್ಲರಿಗೂ ಗಾಬರಿಯಾಯಿತು.

ಪಂದ್ಯದ ದಿನ ಬೆಳಿಗ್ಗೆ ಪಕ್ಕದ ಅಂಗಡಿಯ ಟೈಲರು ಬಂದು ಬಾಗಿಲಲ್ಲೇ ಕೈಮುಗಿದ. "ಕುಕ್ಕರಣ್ಣಾ, ನಿಮ್ಮ ಕಾಲು ಹಿಡ್ಕೋತೀನಿ. ಒಂದೂವರೆ ಗಂಟೆ ಬಾಯಿ ಮುಚ್ಕೊಂಡಿರಿ. ನನಗೆ ಚೀಟಿ ಬಂದಿಲ್ಲ. ನೀವು ಸುಮ್ಮನಿದ್ರೆ ಮುಂದಿನ ತಿಂಗಳು ನಾನೂ ಬರಬಹುದು."

"ನಾನೇನು ಸಣ್ಣ ಮಗುವೇನೋ? ನಿಯಮ ಓದಿದೀನಿ."

"ನಿಮ್ಮನ್ನ ನಂಬ್ತೀನಿ ಅಣ್ಣಾ, ನಿಮ್ಮ ಗಂಟಲನ್ನ ನಂಬಲ್ಲ." ಟೈಲರು ಜೇಬಿನಿಂದ ಒಂದು ಮಾಸ್ಕ್ ತೆಗೆದ. "ಐದು ಪದರ ಹೊಲಿದಿದೀನಿ. ಮಧ್ಯೆ ಕೋಟಿನ ಕಾಲರಿಗೆ ಹಾಕೋ ಕ್ಯಾನ್ವಾಸ್ ಇಟ್ಟಿದೀನಿ. ಇದರೊಳಗೆ ಸಿಂಹ ಕೂಗಿದ್ರೂ ಹೊರಗೆ ಸೊಳ್ಳೆ ಸದ್ದು."

ಹಾಕಿಕೊಂಡರೆ ಅದು ಮುಖಕ್ಕೆ ಒರಗಿಸಿಟ್ಟ ಹಲಗೆಯ ಹಾಗಿತ್ತು. ತುಟಿ ಆಡಿದರೂ ಹೊರಗೆ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಎದುರಿನ ಔಷಧದಂಗಡಿಯಾಕೆ ಬೀದಿ ದಾಟಿ ಬಂದಳು. ಬೀದಿಗೆಲ್ಲ ಅವಳು ಮೆಡಿಕಲ್ ಅಕ್ಕ. ಕೈಯಲ್ಲಿ ಒಂದು ಸಣ್ಣ ಬಾಟಲಿ. "ಇದು ಗಂಟಲಿಗೆ ಹೊಡ್ಕೊಳ್ಳೋ ಸ್ಪ್ರೇ. ಗಂಟಲು ಮರಗಟ್ಟತ್ತೆ. ಹೊರಡೋ ಮುಂಚೆ ಎರಡು ಸಲ ಒತ್ತಿ. ಎರಡೇ ಸಲ, ತಿಳೀತಾ?"

"ನನ್ನ ಮೇಲೆ ಇಡೀ ಬೀದಿಗೆ ನಂಬಿಕೆ ಇಲ್ವಲ್ಲಮ್ಮ."

"ನಂಬಿಕೆ ಇದೆ. ನಮ್ಮ ಯಜಮಾನರು ಒಂದು ವರ್ಷದಿಂದ ಮನೇಲೇ ಕೂತು ಪಂದ್ಯ ನೋಡ್ತಾರೆ. ರೆಫರಿಗೆ ಬೈಯ್ಯೋದನ್ನೆಲ್ಲ ನನಗೇ ಬೈತಾರೆ. ದಯವಿಟ್ಟು ಅವರನ್ನ ಗ್ಯಾಲರಿಗೆ ಕಳಿಸೋ ವ್ಯವಸ್ಥೆ ಮಾಡಿ."

ಹೆಂಡತಿ ಒಳಗಿನಿಂದ ಅಂಗಿ ಇಸ್ತ್ರಿ ಮಾಡಿ ತಂದಳು. ಅವಳದು ಬೇರೆ ಉಪಾಯ. "ರೀ, ಕೂಗಬೇಕು ಅನಿಸಿದಾಗ ಮನಸ್ಸಲ್ಲಿ ಗ್ಯಾಸ್ಕೆಟ್ ಸೈಜು ಎಣಿಸಿ. ಒಂದೂವರೆ ಲೀಟರು, ಎರಡು ಲೀಟರು, ಮೂರು ಲೀಟರು... ಹತ್ತು ಲೀಟರಿಗೆ ಬರೋ ಹೊತ್ತಿಗೆ ಬಾಲು ಎಲ್ಲೋ ಹೋಗಿರತ್ತೆ."

ಕುಕ್ಕರಣ್ಣ ಮೂರನ್ನೂ ಸ್ವೀಕರಿಸಿದ. ಅವನಿಗೂ ಒಳಗೊಳಗೇ ಅಳುಕಿತ್ತು. ಅಳುಕಿದ್ದುದು ಬರೀ ಕೂಗಿನ ಬಗ್ಗೆ ಅಲ್ಲ, ಕಾರ್ನರ್ ಬಗ್ಗೆ, ಮೂಲೆಯಿಂದ ಚೆಂಡು ಒದೆಯುವ ಆ ಗಳಿಗೆಯ ಬಗ್ಗೆ.

ಅದು ಆ ಇಪ್ಪತ್ತಾರು ವರ್ಷಗಳ ಆರಂಭದ ಕತೆ. ಅವರಿಬ್ಬರೂ ಪಾಸು ಮಾಡಿಸಿದ ಮೊದಲ ವರ್ಷ. ಪೋಸ್ಟ್‌ಮ್ಯಾನ್ ಒಂದು ಪಂದ್ಯಕ್ಕೆ ತಡವಾಗಿ, ಕಾಗದ ಹಂಚುವ ಚೀಲ ಹೆಗಲಲ್ಲೇ ಇಟ್ಟುಕೊಂಡು ಗ್ಯಾಲರಿಯ ಮೆಟ್ಟಿಲೇರುತ್ತಿದ್ದ. ಅದೇ ಹೊತ್ತಿಗೆ ನಮ್ಮ ತಂಡಕ್ಕೆ ಕಾರ್ನರ್ ಸಿಕ್ಕಿತು. ಚೆಂಡನ್ನು ಮೂಲೆಯ ಬಾವುಟದ ಪಕ್ಕ ಇಡುತ್ತಿದ್ದರು. ಕುಕ್ಕರಣ್ಣ ಮೇಲಿನಿಂದಲೇ ತಮಾಷೆಗೆ, "ಕಾಗದ ಬಂತಾ?" ಎಂದು ಕೂಗಿದ. ಪೋಸ್ಟ್‌ಮ್ಯಾನ್ ಮೆಟ್ಟಿಲಲ್ಲೇ ನಿಂತು, ಬೀದಿಯಲ್ಲಿ ಕೂಗುವ ಅದೇ ರಾಗದಲ್ಲಿ, "ಬಂತು ಬಂತು, ಸಹಿ ಹಾಕು!" ಎಂದ. ಚೆಂಡು ಹಾರಿ ಬಂತು. ನಮ್ಮವನೊಬ್ಬ ತಲೆಯಲ್ಲಿ ಕುಟ್ಟಿ ಬಲೆಗೆ ಹಾಕಿದ.

ಅಂದಿನಿಂದ ಪ್ರತಿ ಕಾರ್ನರ್‌ಗೂ ಇದೇ. ಕುಕ್ಕರಣ್ಣ ಕೇಳುವುದು, ಪೋಸ್ಟ್‌ಮ್ಯಾನ್ ಹೇಳುವುದು, ಇಡೀ ಗ್ಯಾಲರಿ "ಸಹಿ ಹಾಕು! ಸಹಿ ಹಾಕು!" ಎಂದು ಕಾಲು ಬಡಿಯುವುದು. ಒಂದೇ ಛತ್ರಿಯಲ್ಲಿ, ಮುರಿದ ಕಡ್ಡಿ ಯಾರ ಕಡೆ ಇರಬೇಕೆಂದು ಜಗಳವಾಡುತ್ತ ಇಬ್ಬರೂ ಮಳೆಯಲ್ಲಿ ನೆನೆದ ಪಂದ್ಯಗಳೆಷ್ಟೋ. ಕಾಯಿಲೆಗೆ ಹಿಂದಿನ ವರ್ಷ ಟೀವಿಯವರು ಬಂದು ಮಳೆಗೆ ಸೋರುವ ಆ ತಗಡಿನ ಚಾವಣಿಯ ಕೊಕ್ಕೆಗೆ, ಸರಿಯಾಗಿ ಅವರಿಬ್ಬರ ತಲೆಯ ಮೇಲೆ, ತುಪ್ಪಳ ಸುತ್ತಿದ ಒಂದು ಮೈಕು ನೇತುಹಾಕಿದ್ದರು. "ಮೇಲೆ ಬೆಕ್ಕು ಮಲಗಿದೆ, ಮೆಲ್ಲಗೆ ಕೂಗೋ," ಎನ್ನುತ್ತಿದ್ದ ಪೋಸ್ಟ್‌ಮ್ಯಾನ್. ಎಂದವನೇ ತಾನು ಇನ್ನೂ ಜೋರಾಗಿ ಕೂಗುತ್ತಿದ್ದ.

ಈ ದಿನ ಕಾರ್ನರ್ ಸಿಕ್ಕಾಗ ತನ್ನ ಗಂಟಲು ತನ್ನ ಮಾತು ಕೇಳೀತೇ? ಕೇಳದೆ ಕೂಗಿಬಿಟ್ಟರೆ, ಅದಕ್ಕಿಂತ ಹೆಚ್ಚಾಗಿ, ಆಮೇಲಿನ ನಿಶ್ಶಬ್ದವನ್ನು ತಾನು ತಡೆದುಕೊಂಡೇನೇ? ಕುಕ್ಕರಣ್ಣ ಬಾಯಿ ತೆರೆದು ಸ್ಪ್ರೇಯನ್ನು ಎರಡು ಸಲ ಒತ್ತಿದ. ಸಾಲದೆನಿಸಿ ಇನ್ನೆರಡು. ಕೊನೆಗೆ ಬಾಟಲಿ ಬರಿದಾಗುವ ತನಕ.

ಬೀದಿಗಿಳಿಯುವ ಹೊತ್ತಿಗೆ ಗಂಟಲೆಂಬುದು ತನಗೆ ಇದೆಯೋ ಇಲ್ಲವೋ ಎಂಬುದೇ ತಿಳಿಯದಾಯಿತು. ಮೂಲೆಮನೆಯ ಅಜ್ಜಿ ಕುಕ್ಕರ್ ಹಿಡಿದು ಅಡ್ಡ ಬಂದಳು. "ಕುಕ್ಕರಣ್ಣಾ, ಸೀಟಿ ಬರ್ತಾನೇ ಇಲ್ಲ ಕಣೋ."

ಕುಕ್ಕರಣ್ಣ ನಾಳೆ ನೋಡುತ್ತೇನೆ ಎನ್ನಲು ಹೋದ. ಒದ್ದೆ ಬೆಂಕಿಕಡ್ಡಿ ಗೀರಿದಂಥ ಸದ್ದು ಬಂತು.

ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. "ಏನೋ ಇದು, ಗಂಟಲು ಹಿಡಿದಿದೆಯಾ?"

ಅವನು ಇಲ್ಲವೆಂದು ಕೈಯಾಡಿಸಿ, ಗಂಟಲು ತೋರಿಸಿ, ಮೈದಾನದ ದಿಕ್ಕು ತೋರಿಸಿ, ಬಾಯಿಗೆ ಬೀಗ ಹಾಕಿದಂತೆ ಅಭಿನಯಿಸಿದ. ಅಜ್ಜಿಗೆ ಅರ್ಥವಾದದ್ದು ಒಂದೇ. "ಅಯ್ಯೋ, ಬಂದಿದೆ! ಕುಕ್ಕರಣ್ಣನಿಗೆ ಬಂದಿದೆ! ಆಸ್ಪತ್ರೆಗೆ ಹೊರಟಿದಾನೆ!"

ಬೀದಿಯ ಕಿಟಕಿಗಳು ಒಂದರ ಹಿಂದೊಂದು ಪಟಪಟನೆ ಮುಚ್ಚಿದವು. ಎದುರಿಗೆ ಬರುತ್ತಿದ್ದವರು ಗೋಡೆಗೆ ಅಂಟಿಕೊಂಡರು. ಮೆರವಣಿಗೆಗೆ ದಾರಿ ಬಿಟ್ಟಂತೆ ಬೀದಿ ಇಬ್ಭಾಗವಾಯಿತು. ಅದರ ನಡುವೆ ಇಸ್ತ್ರಿ ಅಂಗಿಯ ಕುಕ್ಕರಣ್ಣ ಕೈಮುಗಿಯುತ್ತ ಓಡಿದ. ಹಿಂದಿನಿಂದ ಮೆಡಿಕಲ್ ಅಕ್ಕ, "ಏನೂ ಆಗಿಲ್ಲ, ಫುಟ್‌ಬಾಲು!" ಎಂದು ಕೂಗುತ್ತಿದ್ದುದು ಕೇಳಿಸಿತು. ಫುಟ್‌ಬಾಲೂ ಒಂದು ಹೊಸ ಕಾಯಿಲೆ ಇರಬೇಕೆಂದು ಜನ ಇನ್ನಷ್ಟು ಹಿಂದೆ ಸರಿದರು.

ಓಡಿದ್ದರಿಂದ ಗೇಟಿನಲ್ಲಿ ಹೊಸ ಸಂಕಟ. ಅಲ್ಲಿ ಹಳದಿ ಜಾಕೆಟ್ಟು ತೊಟ್ಟ ಕಾವಲಿನವನು ಜ್ವರ ಅಳೆಯುವ ಪಿಸ್ತೂಲನ್ನು ಹಣೆಗೆ ಗುರಿಯಿಟ್ಟ. ಪಿಸ್ತೂಲು ಕಿರುಚಿತು.

"ಮೈ ಬಿಸಿ ಇದೆ. ನೆರಳಲ್ಲಿ ಕೂತು ಬನ್ನಿ. ಇನ್ನೊಂದು ಸಲ ಕಿರುಚಿದ್ರೆ ಮನೆಗೆ."

ಕುಕ್ಕರಣ್ಣನಿಗೆ ಬಿಸಿ ಇಳಿಸುವ ವಿದ್ಯೆ ಗೊತ್ತಿತ್ತು. ದಿನವೂ ಕುಕ್ಕರಿಗೆ ಮಾಡುವುದೇ. ನಲ್ಲಿಯ ಕೆಳಗೆ ತಲೆಯೊಡ್ಡಿದ. ಪಿಸ್ತೂಲೇನೋ ಒಪ್ಪಿತು. ಆದರೆ ಮಾಸ್ಕಿನೊಳಗಿನ ಕ್ಯಾನ್ವಾಸು ನೀರು ಕುಡಿದು ಸೆಟೆದು, ಮೂಗಿನ ಎಡಕ್ಕೆ ಒಂದು ಸಣ್ಣ ಸಂದು ಬಿಟ್ಟಿತು. ಉಸಿರಾಡಿದಾಗಲೆಲ್ಲ ಅಲ್ಲಿಂದ 'ಸುಂಯ್' ಎಂಬ ಸದ್ದು.

"ಸೀಟಿ ಊದುವಂತಿಲ್ಲ, ಏಳನೇ ನಿಯಮ," ಎಂದ ಹಳದಿ ಜಾಕೆಟ್ಟಿನವನು, ಒಳಗೆ ಬಿಡುತ್ತ. "ನಿಮ್ಮ ಮೇಲೆ ಕಣ್ಣಿಟ್ಟಿರ್ತೀನಿ."

ಕುಕ್ಕರಣ್ಣ ಉಸಿರನ್ನು ಅರ್ಧರ್ಧ ಎಳೆಯುತ್ತ ಪೂರ್ವ ಗ್ಯಾಲರಿಯ ಮೆಟ್ಟಿಲೇರಿದ.

ಆ ಮೆಟ್ಟಿಲುಗಳನ್ನು ಕಟ್ಟಿದವರು ಊರಿನ ಕಾರ್ಖಾನೆಯ ಜನ. ಅವನ ಅಪ್ಪನ ಕಾಲದಲ್ಲಿ, ರಜೆಯ ದಿನಗಳಲ್ಲಿ, ಕೂಲಿ ಇಲ್ಲದೆ, ತಮ್ಮ ಮಕ್ಕಳು ಕೂತು ನೋಡಲೆಂದು ಇಟ್ಟಿಗೆ ಹೊತ್ತಿದ್ದರು. ಕ್ಲಬ್ಬಿನ ಬಾಗಿಲಿನ ಕಲ್ಲಿನಲ್ಲಿ ದುಡ್ಡು ಕೊಟ್ಟವರ ಹೆಸರಿದೆ. ಹೊತ್ತವರದ್ದಿಲ್ಲ. ಹೊತ್ತವರ ಮಕ್ಕಳು ಅದಕ್ಕೆ ತಕರಾರು ಮಾಡಿರಲಿಲ್ಲ. ಕಲ್ಲು ಅವರದಾದರೆ ಸದ್ದು ನಮ್ಮದು ಎಂದುಕೊಂಡಿದ್ದರು.

ಹದಿನಾಲ್ಕನೇ ಸೀಟು ಖಾಲಿಯಿತ್ತು. ಅಲ್ಲಿದ್ದ ರಟ್ಟಪ್ಪನನ್ನು ಎತ್ತಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು, ಶಿಕ್ಷೆ ಕೊಟ್ಟ ಹಾಗೆ. ಆದರೆ ಹದಿನೈದರಲ್ಲಿ ಅವನು ಹಾಗೆಯೇ ನಗುತ್ತ ಕೂತಿದ್ದ. ಅಂತರ ಕಾಯ್ದುಕೊಳ್ಳಲು ಇಬ್ಬರು ಮನುಷ್ಯರ ನಡುವೆ ಒಬ್ಬ ರಟ್ಟಿನವನು ಎಂದು ಲೆಕ್ಕ. ಕುಕ್ಕರಣ್ಣ ಕೂತ. ಅವನೇ ಕೂತು ಕೂತು ಸವೆಸಿದ ಸಿಮೆಂಟಿನ ಸಣ್ಣ ಗುಂಡಿ ಅವನ ಮೈಯನ್ನು ಗುರುತು ಹಿಡಿಯಿತು. ಮೇಲೆ ನೋಡಿದ. ಕೊಕ್ಕೆಯಲ್ಲಿ ಬೆಕ್ಕಿರಲಿಲ್ಲ, ಅದರ ಜಾಗದಲ್ಲಿ ಕಪ್ಪು ಪೆಟ್ಟಿಗೆಯಂಥದೇನೋ ನೇತಾಡುತ್ತಿತ್ತು. ಅಭ್ಯಾಸಬಲದಿಂದ ಕೈಚೀಲದಲ್ಲಿದ್ದ ಹಳೆಯ ಪತ್ರಿಕೆಯನ್ನು ಎರಡು ಭಾಗ ಮಾಡಿ, ಒಂದನ್ನು ಹದಿನೈದರ ಮೇಲೆ ಹಾಸಲು ಹೋಗಿ, ರಟ್ಟಪ್ಪನ ತೊಡೆಗೆ ತಾಗಿಸಿ, ಕೈ ಹಿಂದಕ್ಕೆ ಎಳೆದುಕೊಂಡ.

ಪಂದ್ಯ ಶುರುವಾಯಿತು. ಇನ್ನೂರು ಜನ ಪರೀಕ್ಷೆ ಬರೆಯುವವರಂತೆ ಕೂತಿದ್ದರು. ಎದುರಿನ ಗಾಜಿನ ಕೋಣೆಯಲ್ಲಿ ಆರೋಗ್ಯಾಧಿಕಾರಿ ಮೇಡಂ ದುರ್ಬೀನು ಹಿಡಿದಿದ್ದರು.

ಹನ್ನೊಂದನೇ ನಿಮಿಷಕ್ಕೆ ನಮ್ಮ ತಂಡಕ್ಕೆ ಕಾರ್ನರ್.

ಕುಕ್ಕರಣ್ಣ ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದ. ಒಂದೂವರೆ ಲೀಟರು. ಎರಡು ಲೀಟರು. ಮೂರು ಲೀಟರು. ಐದು...

"ಕಾಗದ ಬಂತಾಆಆ?"

ಗ್ಯಾಲರಿ ನಡುಗಿತು. ಅಷ್ಟಕ್ಕೇ ದನಿ ಫಕ್ಕನೆ ಕಡಿಯಿತು. ಇನ್ನೂರು ತಲೆಗಳು ಹದಿನಾಲ್ಕನೇ ಸೀಟಿನ ಕಡೆ ತಿರುಗಿದವು. ಕುಕ್ಕರಣ್ಣನೂ ತಿರುಗಿದ, ತನ್ನ ಹಿಂದೆ ಯಾರಿದ್ದಾರೆಂದು ನೋಡಲು. ಯಾರೂ ಇರಲಿಲ್ಲ. ಅವನಿಗೆ ಮೈ ಉರಿಯಿತು. ಯಾವನೋ ದರಿದ್ರ ತನ್ನ ಕೂಗನ್ನು ಕದ್ದಿದ್ದಾನೆ! ಅದೂ ಎಂಥ ಕೆಟ್ಟ ದನಿ, ತೂತಾದ ತಗಡು ಎಳೆದ ಹಾಗೆ!

ಹಳದಿ ಜಾಕೆಟ್ಟಿನವನು ಮೂರು ಮೆಟ್ಟಿಲು ಒಟ್ಟಿಗೆ ಹತ್ತಿ ಬಂದ. "ಕೂಗಿದ್ದು ನೀವು!"

ಕುಕ್ಕರಣ್ಣ ಅಲ್ಲವೆಂದು ಹೇಳಲು ಬಾಯಿ ತೆರೆದ. ಒದ್ದೆ ಬೆಂಕಿಕಡ್ಡಿ.

"ಕೂಗಿ ಕೂಗಿ ಗಂಟಲು ಬಿದ್ದಿದೆ ನೋಡಿ! ಇದಕ್ಕಿಂತ ಸಾಕ್ಷಿ ಬೇಕಾ?" ಅವನು ಚೀಟಿಯಲ್ಲಿ ಏನೋ ಗೀಚಿದ. "ಒಂದನೇ ಎಚ್ಚರಿಕೆ."

ಎರಡು ಸಾಲು ಕೆಳಗಿನಿಂದ ಒಬ್ಬ ಹಳೆಯ ಗ್ಯಾಲರಿಯವನು ಹಲ್ಲು ಕಚ್ಚಿ ಪಿಸುಗುಟ್ಟಿದ, "ಕುಕ್ಕರಣ್ಣಾ, ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೀಬೇಡ್ರಿ."

ಮೂವತ್ತನೇ ನಿಮಿಷಕ್ಕೆ ಇನ್ನೊಂದು ಕಾರ್ನರ್. ಈ ಸಲ ಕುಕ್ಕರಣ್ಣ ಎರಡೂ ಅಂಗೈಯನ್ನು ಮಾಸ್ಕಿನ ಮೇಲೆ ಒತ್ತಿಕೊಂಡ.

"ಕಾಗದ ಬಂತಾಆಆ?"

ದನಿ ತಲೆಯ ಮೇಲಿನಿಂದ ಬಂತು. ಕಪ್ಪು ಪೆಟ್ಟಿಗೆಯಿಂದ. ಅವನು ಕತ್ತೆತ್ತುವಷ್ಟರಲ್ಲಿ, ಅದೇ ಪೆಟ್ಟಿಗೆಯಿಂದ, ಇನ್ನೊಂದು ದನಿ, ಸ್ವಲ್ಪ ಮೂಗಿನಲ್ಲಿ, ಕೊನೆಯಲ್ಲಿ ಎಳೆದು, ಮಧ್ಯಾಹ್ನದ ಬಿಸಿಲಲ್ಲಿ ನೂರು ಮನೆಗಳ ಮುಂದೆ ನಿಂತು ಸವೆದ ದನಿ:

"ಬಂತು ಬಂತು, ಸಹಿ ಹಾಕೂ!"

ಕುಕ್ಕರಣ್ಣ ಹದಿನೈದನೇ ಸೀಟಿನತ್ತ ತಿರುಗಿದ. ರಟ್ಟಪ್ಪ ನಗುತ್ತಿದ್ದ.

ಆಗ ಅವನಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಆ ತೂತು ತಗಡಿನ ದನಿ ತನ್ನದೇ. ತನ್ನ ದನಿಯನ್ನು ತಾನು ಹೊರಗಿನಿಂದ ಎಂದೂ ಕೇಳಿರಲಿಲ್ಲ, ಅದಕ್ಕೇ ಗುರುತು ಸಿಗಲಿಲ್ಲ. ಬೆಕ್ಕು ಅಂದು ಮಲಗಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, ನುಂಗಿಕೊಂಡು, ಇಂದು ಕಕ್ಕುತ್ತಿದೆ.

"ಎರಡನೇ ಎಚ್ಚರಿಕೆ!" ಎಂದು ಹಳದಿ ಜಾಕೆಟ್ಟಿನವನು ಕೆಳಗಿನಿಂದ ಬೆರಳು ತೋರಿಸುತ್ತಿದ್ದ. ಕುಕ್ಕರಣ್ಣನಿಗೆ ಅದು ಕೇಳಿಸಲೇ ಇಲ್ಲ. ಕಣ್ಣು ತುಂಬಿ ಹರಿದು, ಕ್ಯಾನ್ವಾಸಿನ ಅಂಚಿನಲ್ಲಿ ನಿಂತು, ಮಾಸ್ಕಿನೊಳಗೆ ಇಳಿಯಿತು.

ಆಮೇಲೆ ಅವನಿಗೆ ಪಂದ್ಯ ಬೇಡವಾಯಿತು. ಕಾರ್ನರ್ ಬೇಕಾಯಿತು. ನಲವತ್ತನೇ ನಿಮಿಷದಲ್ಲಿ ನಮ್ಮವರು ಭರ್ಜರಿ ಗೋಲು ಹೊಡೆದರು. ಇನ್ನೂರು ಜನ ಒಂಬತ್ತನೇ ನಿಯಮದಂತೆ ಒಟ್ಟಿಗೆ ತಲೆಯಾಡಿಸಿದರು. ಕುಕ್ಕರಣ್ಣನಿಗೆ ಮಾತ್ರ ಸಿಟ್ಟು ಬಂತು. ಥೂ, ಚೂರು ತಪ್ಪಿ ಆಚೆಯವನ ಕಾಲಿಗೆ ತಾಗಿ ಹೊರಗೆ ಹೋಗಿದ್ದರೆ ಕಾರ್ನರ್ ಆಗುತ್ತಿತ್ತಲ್ಲ!

ವಿರಾಮ ಮುಗಿದು ಅರ್ಧ ಗಂಟೆ ಕಾರ್ನರೇ ಸಿಗದೆ ಕಳೆದ ಮೇಲೆ ಕ್ಲಬ್ಬಿನ ಮ್ಯಾನೇಜರು ಖುದ್ದಾಗಿ ಗ್ಯಾಲರಿ ಹತ್ತಿ ಬಂದ. ಹಿಂದೆ ಹಳದಿ ಜಾಕೆಟ್ಟು. ಮ್ಯಾನೇಜರು ಅವನನ್ನು ಹತ್ತು ಮೆಟ್ಟಿಲು ಕೆಳಗೆ ಕಳಿಸಿ, ಹದಿನೈದರ ರಟ್ಟಪ್ಪನನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತ.

"ಯಜಮಾನ್ರೇ, ನೀವು ಕೂಗಲಿಲ್ಲ. ನನಗೆ ಗೊತ್ತು."

ಕುಕ್ಕರಣ್ಣ ಮೇಲಿನ ಪೆಟ್ಟಿಗೆ ತೋರಿಸಿದ.

"ಹೌದು. ಒಂದು ವರ್ಷದ ಪಂದ್ಯಗಳನ್ನ ರೆಕಾರ್ಡ್ ಮಾಡಿಟ್ಟಿದ್ವಿ. ಮೈಕು ನಿಮ್ಮ ತಲೆ ಮೇಲೇ ಇತ್ತಲ್ಲ, ನಿಮ್ಮ ದನಿ ಮುಂದೆ ಬಂದುಬಿಟ್ಟಿದೆ. ಟೀವಿಯಲ್ಲಿ ಚೆನ್ನಾಗಿ ಕೇಳಲಿ ಅಂತ ಇವತ್ತಿಂದ ಕಾರ್ನರ್‌ಗೊಂದು, ಗೋಲಿಗೊಂದು ಬಟನ್ ಮಾಡಿದೀವಿ. ಗೋಲಿನ ಬಟನ್ ಇವತ್ತು ಕೆಟ್ಟಿದೆ ಅಷ್ಟೆ."

ಕುಕ್ಕರಣ್ಣನ ಗಂಟಲಿಗೆ ತುಸು ಜೀವ ಬರತೊಡಗಿತ್ತು. ತಳ ಹಿಡಿದ ಪಾತ್ರೆ ಕೆರೆದಂಥ ದನಿಯಲ್ಲಿ ಕೇಳಿದ, "ನಮ್ಮನ್ನ ಕೇಳಲಿಲ್ಲ?"

"ಪಾಸಿನ ಹಿಂದೆ ಸಣ್ಣಕ್ಷರದಲ್ಲಿ ಇದೆ. ನೀವು ಓದಿರಲ್ಲ."

"ಅವನೂ ಓದಿರಲಿಲ್ಲ," ಎಂದ ಕುಕ್ಕರಣ್ಣ. "ಊರಿನವರ ಕಾಗದ ಎಲ್ಲ ಓದಿ ಹೇಳ್ತಿದ್ದ."

ಮ್ಯಾನೇಜರು ಗಡಿಯಾರ ನೋಡಿಕೊಂಡ. "ನೋಡಿ, ಮೇಡಂಗೆ ಇದು ರೆಕಾರ್ಡು ಅಂತ ಹೇಳೋಕಾಗಲ್ಲ. ಜಾಹೀರಾತಿನವರಿಗೆ ನಾವು ನಿಜವಾದ ಜನರ ಸದ್ದು ಅಂತ ಮಾತು ಕೊಟ್ಟಿದೀವಿ. ಮೇಡಂ ನೋಡಿದ್ರೆ ಯಾರು ಕೂಗಿದ್ದು ಅಂತ ಬರಹದಲ್ಲಿ ಕೇಳ್ತಿದಾರೆ. ಸಹಿ ಇಲ್ಲದಿದ್ರೆ ವರದಿ ಮುಗಿಯಲ್ವಂತೆ, ಪರೀಕ್ಷಾ ಪಂದ್ಯ ಮತ್ತೊಂದು ಸಲ ಆಡಿಸ್ಬೇಕಂತೆ. ನೀವು ಈ ಕಾಗದಕ್ಕೆ 'ನಾನು ಕೂಗಿದೆ' ಅಂತ ಒಂದು ಸಹಿ ಹಾಕಿಬಿಡಿ."

"ಹಾಕಿದ್ರೆ?"

"ಗ್ಯಾಲರಿ ಈ ವರ್ಷ ಮುಚ್ಚಿರತ್ತೆ, ಅಷ್ಟೆ. ರಟ್ಟಿನವರು ಕೂತ್ಕೋತಾರೆ. ನಿಜ ಹೇಳ್ಲಾ? ರಟ್ಟಿಗೆ ಕುಡಿಯೋ ನೀರು ಬೇಡ, ಶೌಚಾಲಯ ಬೇಡ, ಆಟ ಸರಿಯಿಲ್ಲ ಅಂತ ಬೈಯ್ಯಲ್ಲ." ಮ್ಯಾನೇಜರು ಮಡಿಲಲ್ಲಿದ್ದ ರಟ್ಟಪ್ಪನ ಬೈತಲೆ ಸವರಿದ. "ನಿಮ್ಮನ್ನ ಮರೆಯಲ್ಲ. ಈ ಹದಿನಾಲ್ಕರಲ್ಲಿ ನಿಮ್ಮದೇ ರಟ್ಟು ಮಾಡಿಸ್ತೀನಿ, ಆಳೆತ್ತರ. ಹದಿನೈದರಲ್ಲಿ ನಿಮ್ಮ ಗೆಳೆಯರದ್ದು. ಇಬ್ಬರೂ ಅಕ್ಕಪಕ್ಕ, ಪ್ರತಿ ಪಂದ್ಯಕ್ಕೂ ಟೀವಿಯಲ್ಲಿ. ದನಿ ಹೇಗೂ ಇದೆ. ಹಳೇ ಕಾಲ ಹಾಗ್ಹಾಗೇ ವಾಪಸ್!"

ಕುಕ್ಕರಣ್ಣ ಆ ರಟ್ಟಪ್ಪನ ಮುಖ ನೋಡಿದ. ಕಣ್ಣಮುಂದೆ ಚಿತ್ರ ಕಟ್ಟಿತು. ಚೀಲ ಹೆಗಲಿಗೆ ಹಾಕಿಕೊಂಡ ಪೋಸ್ಟ್‌ಮ್ಯಾನ್, ಪಕ್ಕದಲ್ಲಿ ತಾನು. ಮಳೆ ಬಂದರೆ ಇಬ್ಬರೂ ನೆನೆದು ಮೆತ್ತಗಾಗುತ್ತಾರೆ. ಛತ್ರಿ ಹಿಡಿಯಲು ಇಬ್ಬರಲ್ಲಿ ಒಬ್ಬರಿಗೂ ಕೈ ಆಡುವುದಿಲ್ಲ. ಆಸೆಯಾಯಿತು. ಆಸೆಯಾದದ್ದಕ್ಕೆ ನಾಚಿಕೆಯೂ ಆಯಿತು. ಕೆಳಗಿನ ಸಾಲುಗಳಲ್ಲಿ ಇನ್ನೂರು ಜನ ಉಸಿರು ಬಿಗಿಹಿಡಿದು ಕೂತಿದ್ದರು, ತಾವು ನೆಟ್ಟಗಿದ್ದರೆ ಬಾಗಿಲು ತೆರೆಯುತ್ತದೆಂದು ನಂಬಿ. ಅಂಗಡಿಯಲ್ಲಿ ಟೈಲರು ಟೀವಿ ಮುಂದೆ ಕೈಮುಗಿದು ಕೂತಿರುತ್ತಾನೆ.

ಅಷ್ಟರಲ್ಲಿ ಮೈದಾನದಲ್ಲಿ ಚೆಂಡು ಆಚೆಯವನ ಕಾಲಿಗೆ ತಾಗಿ ಗೆರೆ ದಾಟಿತು. ಕಾರ್ನರ್.

ಕುಕ್ಕರಣ್ಣನಿಗೆ ಒಂದು ಉಪಾಯ ಹೊಳೆಯಿತು. ಆ ದಿನದ ಮಟ್ಟಿಗೆ ಅದೊಂದೇ ಅವನ ಸ್ವಂತ ಉಪಾಯ. ಸರಕ್ಕನೆ ಎದ್ದು ನಿಂತ. ಐದು ಪದರದ ಮಾಸ್ಕನ್ನು ಎಳೆದು ಕತ್ತಿಗಿಳಿಸಿದ. ತುಟಿಗಳನ್ನು ಒಂದರ ಮೇಲೊಂದು ಬಿಗಿಯಾಗಿ ಮುಚ್ಚಿ, ಸಾಲದೆಂದು ಎರಡು ಬೆರಳಲ್ಲಿ ಹಿಡಿದು, ಎದುರಿನ ಗಾಜಿನ ಕೋಣೆಗೆ ಮುಖ ಮಾಡಿದ.

"ಕಾಗದ ಬಂತಾಆಆ?" ಎಂದಿತು ಅವನ ದನಿ, ಅವನಿಲ್ಲದೆಯೇ.

"ಬಂತು ಬಂತು, ಸಹಿ ಹಾಕೂ!"

ದುರ್ಬೀನು ಅವನ ಮೇಲೆ ನಿಂತದ್ದು ಕಾಣಿಸಿತು. ಮೇಡಂ ಎದ್ದರು. ಮ್ಯಾನೇಜರ ಮಡಿಲಿಂದ ರಟ್ಟಪ್ಪ ಜಾರಿ ಬಿದ್ದ.

ಮೈದಾನ ಸುತ್ತು ಹಾಕಿ, ಏದುಸಿರು ಬಿಡುತ್ತ ಮೇಡಂ ಗ್ಯಾಲರಿ ಹತ್ತಿ ಬಂದಾಗ ಆಟಕ್ಕೆ ಇನ್ನು ಹತ್ತು ನಿಮಿಷ ಉಳಿದಿತ್ತು.

"ನಾನು ಕಣ್ಣಾರೆ ನೋಡಿದೆ," ಎಂದರು. "ಇವರ ಬಾಯಿ ಮುಚ್ಚಿತ್ತು. ಇವರು ಕೂಗಿಲ್ಲ."

ಗ್ಯಾಲರಿಯ ಇನ್ನೂರು ಜನ ಒಂಬತ್ತನೇ ನಿಯಮದಂತೆ ತಲೆಯಾಡಿಸಿದರು. ಕುಕ್ಕರಣ್ಣ ಮಾಸ್ಕನ್ನು ಮೇಲಕ್ಕೇರಿಸಿ, ಎದೆ ತುಂಬ ಉಸಿರೆಳೆದ. ಸುಂಯ್ ಎಂದಿತು.

ಮೇಡಂ ಮ್ಯಾನೇಜರ ಕೈಯಿಂದ ಕಾಗದ ತೆಗೆದುಕೊಂಡರು. 'ನಾನು ಕೂಗಿದೆ' ಎಂಬುದರ ಮೇಲೆ ನೀಟಾಗಿ ಗೆರೆ ಎಳೆದರು. ಕೆಳಗೆ ಬರೆಯತೊಡಗಿದರು. "ಆದರೆ ನಾನು ನೋಡಿದ್ದು ಹೇಗೆ? ಮಾಸ್ಕ್ ತೆಗೆದಿದ್ರಿಂದ. ಮೂರನೇ ನಿಯಮ. ಎದ್ದು ನಿಂತಿದ್ದು, ಐದನೇ ನಿಯಮ. ತುಟಿಗೆ ಬೆರಳು ಹಚ್ಚಿದ್ದು, ಹನ್ನೆರಡನೇದು. ನೀವು ಕೂಗಿದ್ರೆ ಒಂದು ನಿಯಮ ಮುರೀತಿತ್ತು. ಕೂಗಲಿಲ್ಲ ಅಂತ ತೋರಿಸೋಕೆ ಮೂರು ಮುರಿದಿದೀರಿ. ಪರೀಕ್ಷೆ ವಿಫಲ ಅಂತಲೇ ಬರೀಬೇಕಾಗತ್ತೆ. ನಿಮ್ಮ ಸಹಿ ಬಿದ್ದರೇನೇ ವರದಿ ಮುಗಿಯೋದು, ಇಲ್ಲದಿದ್ರೆ ಪರೀಕ್ಷಾ ಪಂದ್ಯ ಇನ್ನೊಂದು ಸಲ."

"ಮತ್ತೆ ಆ ಪೆಟ್ಟಿಗೆ?" ಕುಕ್ಕರಣ್ಣ ಮೇಲೆ ತೋರಿಸಿದ.

ಮೇಡಂ ಕತ್ತೆತ್ತಿ ನೋಡಿದರು. "ಪೆಟ್ಟಿಗೆಗೆ ಎಂಜಲು ಹಾರಲ್ಲ. ಅದು ನನ್ನ ಇಲಾಖೆ ಅಲ್ಲ."

ಮ್ಯಾನೇಜರ ಮುಖದಲ್ಲಿ ರಟ್ಟಪ್ಪನ ನಗು ಮೂಡಿತು. ಕಾಗದವನ್ನು ಹಲಗೆಯ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. "ಹೇಗೂ ಅಷ್ಟೇ ಆಯ್ತಲ್ಲ ಯಜಮಾನ್ರೇ. ಈಗ ಬರೆದಿರೋದೆಲ್ಲ ಸತ್ಯವೇ. ಹಾಕಿ. ಇಬ್ಬರ ರಟ್ಟೂ ನಾ ಹೇಳಿದ ಹಾಗೇ."

ಹಳದಿ ಜಾಕೆಟ್ಟಿನವನು, "ಬೇಗ ಹಾಕಿ, ಆಮೇಲೆ ಹೊರಗೆ ನಡೀರಿ," ಎಂದ.

ಕೆಳಗೆ ಮೈದಾನದಲ್ಲಿ ಯಾರೋ ಚೆಂಡನ್ನು ಒತ್ತಿ ಹಿಡಿದು ಮೂಲೆಯ ಬಾವುಟದ ಪಕ್ಕ ಇಡುತ್ತಿದ್ದ. ಕೊನೆಯ ಕಾರ್ನರ್. ಕುಕ್ಕರಣ್ಣ ಪೆನ್ನು ಹಿಡಿದು ಕಾಗದದ ಮೇಲೆ ಬಾಗಿದ್ದ. ಸಹಿ ಹಾಕುವ ಜಾಗಕ್ಕೆ ಯಾರೋ ಪೆನ್ಸಿಲ್ಲಿನಲ್ಲಿ ಸಣ್ಣ ಅಡ್ಡಗೆರೆ ಎಳೆದಿದ್ದರು. ಪೋಸ್ಟ್‌ಮ್ಯಾನ್ ತನ್ನ ರಿಜಿಸ್ಟರಿನಲ್ಲಿ ಹೀಗೆಯೇ ಗೆರೆ ಎಳೆಯುತ್ತಿದ್ದ. ಓದಲು ಬಾರದವರಿಗೆ ಒಳಗೇನಿದೆಯೆಂದು ಪೂರ್ತಿ ಓದಿ ಹೇಳಿದ ಮೇಲೇ ಆ ಗೆರೆ ತೋರಿಸುತ್ತಿದ್ದ.

ತಲೆಯ ಮೇಲೆ ಪೆಟ್ಟಿಗೆ ಕೆಮ್ಮಿತು.

"ಕಾಗದ ಬಂತಾಆಆ?"

ಇನ್ನೂರು ಜನ ಕಾದರು. ಮೇಡಂ ಕೂಡ ಕಾದಂತಿತ್ತು.

"ಬಂತು ಬಂತು, ಸಹಿ ಹಾಕೂ! ಸಹಿ ಹಾಕೂ!"

ಪೆಟ್ಟಿಗೆಯೊಳಗೆ ಹಳೆಯ ಗ್ಯಾಲರಿಯೆಲ್ಲ ಎದ್ದು ಕಾಲು ಬಡಿಯಿತು. ಸತ್ತವರು, ಊರು ಬಿಟ್ಟವರು, ಗೇಟಿನಾಚೆ ಉಳಿದವರು, ಎಲ್ಲರೂ ಒಂದೇ ದನಿಯಲ್ಲಿ ಸಹಿ ಹಾಕು, ಸಹಿ ಹಾಕು ಎಂದರು. ಕುಕ್ಕರಣ್ಣ ಪೆನ್ನಿಗೆ ಮುಚ್ಚಳ ಹಾಕಿದ. ಮ್ಯಾನೇಜರು ಎದ್ದು ಖಾಲಿಯಾಗಿದ್ದ ಹದಿನೈದನೇ ಸೀಟಿನ ಮೇಲೆ ಹಳೆಯ ಪತ್ರಿಕೆಯ ಅರ್ಧ ಹಾಳೆಯನ್ನು ನೀಟಾಗಿ ಹಾಸಿ, ಅದರ ಪಕ್ಕ ತನ್ನ ಜಾಗದಲ್ಲಿ ಕೂತ. ಗಂಟಲು ಪೂರ್ತಿ ಬಿಟ್ಟುಕೊಂಡಿತ್ತು.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನು ಗೆಳೆಯನ ಮಾತು ಮೀರಿದ.

"ಹಾಕಲ್ಲ ಕಣೋ!" ಎಂದು ಕೂಗಿದ.